ಮೂದಲಿಕೆಯ ಮರ್ಯಾದೆ: ರಣರಂಗದಿಂದ ಆನ್‌ಲೈನ್ ಆಟದವರೆಗೆ

ಕುರುಕ್ಷೇತ್ರದ ಯುದ್ಧವು ಮೊದಲಾಗುವ ಮುನ್ನ ಉಭಯ ಪಕ್ಷದವರೂ ಕೂಡಿ ಕೆಲವು ನಿಯಮಗಳನ್ನು ಮಾಡಿಕೊಂಡರೆಂದು ವ್ಯಾಸಭಾರತದ ಭೀಷ್ಮಪರ್ವದ ಆರಂಭದಲ್ಲಿ ಹೇಳಿದೆ. ರಥಿಕನು ರಥಿಕನೊಡನೆ, ಗಜಾರೋಹಿಯು ಗಜಾರೋಹಿಯೊಡನೆ, ಕಾಲಾಳು ಕಾಲಾಳಿನೊಡನೆ ಹೋರಬೇಕು. ಬೆನ್ನು ತೋರಿದವನನ್ನೂ ಆಯುಧ ಕಳೆದುಕೊಂಡವನನ್ನೂ ಕೊಲ್ಲಬಾರದು. ಇವುಗಳ ನಡುವೆಯೇ, ಓದುವವರು ಸಾಮಾನ್ಯವಾಗಿ ಗಮನಿಸದೆ ಮುಂದೆ ಸಾಗುವ ಇನ್ನೊಂದು ನಿಯಮವಿದೆ: ಮಾತಿನ ಯುದ್ಧಕ್ಕೆ ಇಳಿದವನನ್ನು ಮಾತಿನಿಂದಲೇ ಎದುರಿಸತಕ್ಕದ್ದು. ಮಾತೂ ಒಂದು ಆಯುಧ. ಆದುದರಿಂದ ಅದಕ್ಕೂ ಸಮಬಲದ ನಿಯಮ ಬೇಕು ಎಂಬ ತಿಳಿವಳಿಕೆ ಇಲ್ಲಿದೆ.

ಕಂಪ್ಯೂಟರ್ ಮತ್ತು ಮೊಬೈಲ್‌ಗಳ ಮೂಲಕ ನಡೆಯುವ ಆನ್‌ಲೈನ್ ಆಟಗಳ ಸ್ಪರ್ಧೆಯಲ್ಲಿ ಎದುರಾಳಿಯನ್ನು ಹೀಯಾಳಿಸುವ ಚಾಳಿಯು ಇಂದು ಒಂದು ಸಾಮಾಜಿಕ ಸಮಸ್ಯೆಯಾಗಿ ಚರ್ಚೆಗೆ ಬಂದಿದೆ. ಅದನ್ನು ತಂತ್ರಜ್ಞಾನ ತಂದ ಹೊಸ ಪಿಡುಗೆಂದು ಭಾವಿಸುವವರೇ ಹೆಚ್ಚು. ಸ್ಪರ್ಧೆ ಇದ್ದಲ್ಲೆಲ್ಲ ಮೂದಲಿಕೆ ಇದ್ದೇ ಇದೆ. ಹೊಸತಾಗಿರುವುದು ಮೂದಲಿಕೆಯಲ್ಲ, ಅದಕ್ಕಿದ್ದ ಮರ್ಯಾದೆ ತಪ್ಪಿರುವುದು. ಮರ್ಯಾದೆಯೆಂಬ ಪದಕ್ಕೆ ಗೌರವ ಎಂಬ ಅರ್ಥವಿರುವಂತೆ ಎಲ್ಲೆ ಎಂಬ ಅರ್ಥವೂ ಉಂಟು. ಈ ಎಲ್ಲೆ ಯಾವುದಾಗಿತ್ತು, ಆನ್‌ಲೈನ್ ಆಟದಲ್ಲಿ ಅದು ಹೇಗೆ ಅಳಿಯಿತು, ಅದನ್ನು ಮರಳಿ ಎಳೆಯಲು ಯಾವ ಪ್ರಯತ್ನಗಳು ನಡೆದವು ಎಂಬುದು ಪರಿಶೀಲನಾರ್ಹವಾದ ಇತಿಹಾಸ.

ಪ್ರಾಚೀನ ಕನ್ನಡ ಕಾವ್ಯದಲ್ಲಿ ಮೂದಲಿಕೆಯ ಶ್ರೇಷ್ಠ ನಿದರ್ಶನ ರನ್ನನ 'ಗದಾಯುದ್ಧ'. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಹೊರಕ್ಕೆ ತಂದದ್ದು ಭೀಮನ ಗದೆಯಲ್ಲ, ಭೀಮನ ಧ್ವನಿ. ಆ ಗರ್ಜನೆಯನ್ನು ಕೇಳಿ ನೀರಿನೊಳಗಿದ್ದೂ ದುರ್ಯೋಧನ ಬೆವರಿದನೆಂಬ ಕವಿಯ ಕಲ್ಪನೆ ಕನ್ನಡಿಗರಿಗೆಲ್ಲ ಪರಿಚಿತ. ಈ ಮೂದಲಿಕೆಗೆ ಮೂರು ಲಕ್ಷಣಗಳಿವೆ. ಮೊದಲನೆಯದು, ಮೂದಲಿಸುವವನು ಯಾರೆಂಬುದು ಮೂದಲಿಸಿಕೊಳ್ಳುವವನಿಗೆ ಗೊತ್ತು. ಎರಡನೆಯದು, ಕೇಳಿದವನಿಗೆ ಉತ್ತರಿಸುವ ಅವಕಾಶವಿದೆ. ದುರ್ಯೋಧನ ಮೇಲೆದ್ದು ಬಂದು ಸರಿಸಮನಾಗಿ ಮಾತಾಡುತ್ತಾನೆ, ಸರಿಸಮನಾಗಿ ಕಾದುತ್ತಾನೆ. ಮೂರನೆಯದು, ಮಾತಿನ ವಸ್ತು ಎದುರಾಳಿಯ ಕೃತ್ಯ; ಅದರ ಹಿಂದೆ ದ್ಯೂತಸಭೆಯ ಅವಮಾನವಿದೆ, ಪ್ರತಿಜ್ಞೆಯಿದೆ.

ಇವುಗಳೊಡನೆ ನಾಲ್ಕನೆಯದೊಂದು ಸಂಗತಿಯನ್ನೂ ಸೇರಿಸಬೇಕು: ನೋಡುತ್ತಿರುವ ಸಾಕ್ಷಿಗಳು. ವ್ಯಾಸಭಾರತದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ತಲೆಯನ್ನು ಭೀಮ ಕಾಲಿನಿಂದ ಒದೆಯುವಾಗ ಅದನ್ನು ಖಂಡಿಸುವವನು ಶತ್ರುಪಕ್ಷದವನಲ್ಲ, ಭೀಮನ ಅಣ್ಣನಾದ ಧರ್ಮರಾಯ. ಬಲರಾಮನಂತೂ ನೇಗಿಲೆತ್ತಿ ಭೀಮನ ಮೇಲೆ ಏರಿಹೋಗುತ್ತಾನೆ, ಕೃಷ್ಣನು ತಡೆಯಬೇಕಾಗುತ್ತದೆ. ಗೆದ್ದವನಿಗೂ ಎಲ್ಲೆಯುಂಟೆಂದು ಹೇಳುವವರು ಆ ರಣರಂಗದಲ್ಲಿದ್ದರು.

ಎಲ್ಲೆ ಮೀರಿದ ಮೂದಲಿಕೆ ಹೇಗಿರುತ್ತದೆಂಬುದಕ್ಕೆ ಅದೇ ಮಹಾಭಾರತದಲ್ಲಿ ಇನ್ನೊಂದು ಪ್ರಸಂಗವಿದೆ. ರಾಜಕುಮಾರರ ಅಸ್ತ್ರವಿದ್ಯಾ ಪ್ರದರ್ಶನದ ರಂಗದಲ್ಲಿ ಅರ್ಜುನನಿಗೆ ಸಮನಾಗಿ ನಿಂತ ಕರ್ಣನ ಬಿಲ್ಗಾರಿಕೆಯನ್ನು ಯಾರೂ ಹಳಿಯಲಿಲ್ಲ. ಕೇಳಿದ್ದು ಅವನ ಕುಲವನ್ನು. ಸೂತನಾದ ಅಧಿರಥ ಅಲ್ಲಿಗೆ ಬಂದೊಡನೆ ಭೀಮ ಕರ್ಣನನ್ನು ಹಂಗಿಸುತ್ತಾನೆ. ಮನುಷ್ಯನ ಕುಲವೆಂಬುದು ಅವನ ಹುಟ್ಟಲ್ಲ, ಅವನ ಛಲ ಮತ್ತು ಗುಣ ಎಂಬ ಉತ್ತರವನ್ನು ಪಂಪನು 'ವಿಕ್ರಮಾರ್ಜುನವಿಜಯ'ದಲ್ಲಿ ಕರ್ಣನ ಬಾಯಿಂದಲೇ ಆಡಿಸಿದ್ದಾನೆ. ಕೃತ್ಯವನ್ನು ಮೂದಲಿಸುವುದು ಸ್ಪರ್ಧೆಯ ಒಳಗಿನ ಮಾತು. ಹುಟ್ಟನ್ನು ಮೂದಲಿಸುವುದು ಎದುರಾಳಿಯನ್ನು ಸ್ಪರ್ಧೆಯಿಂದಲೇ ಹೊರಹಾಕುವ ಮಾತು. ಈ ಭೇದವೇ ಮುಂದಿನ ಚರ್ಚೆಗೆ ಅಳತೆಗೋಲು.

ಹಲವರು ದೂರದೂರದಲ್ಲಿ ಕುಳಿತು ಒಂದೇ ಕಲ್ಪಿತ ಜಗತ್ತಿನಲ್ಲಿ ಆಡುವ ಆಟಗಳ ಚರಿತ್ರೆ 1978ರ ಸುಮಾರಿಗೆ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಿಂದ ಮೊದಲಾಗುತ್ತದೆ. ಅಲ್ಲಿನ ವಿದ್ಯಾರ್ಥಿಗಳಾಗಿದ್ದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ರೂಪಿಸಿದ 'ಮಡ್' ಎಂಬ ಆಟದಲ್ಲಿ ಚಿತ್ರವಿರಲಿಲ್ಲ; ಎಲ್ಲವೂ ಅಕ್ಷರಗಳಲ್ಲಿಯೇ ನಡೆಯುತ್ತಿತ್ತು. ಬಾರ್ಟಲ್ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧನೆಗಾಗಿ ಆಡುವವರು, ಶೋಧನೆಗಾಗಿ ಆಡುವವರು, ಒಡನಾಟಕ್ಕಾಗಿ ಆಡುವವರು ಮತ್ತು ಇತರರನ್ನು ಕಾಡುವುದರಲ್ಲೇ ಸುಖ ಕಾಣುವವರು. ಈ ನಾಲ್ಕನೆಯ ವರ್ಗಕ್ಕೆ ಎದುರಾಳಿಯ ಸೋಲು ಸಾಲದು, ಆತನ ಸಂಕಟ ಬೇಕು. ಭೀಮನ ಮೂದಲಿಕೆಗೆ ಇದ್ದ ಮೊದಲ ಲಕ್ಷಣ ಇಲ್ಲಿಯೇ ಕಳಚಿತು. ಕಲ್ಪಿತ ಹೆಸರಿನ ಹಿಂದೆ ಮಾತಾಡುವವನ ಮುಖ ಕಾಣುವುದಿಲ್ಲ. ಮಾತು ತಗುಲಿದವನ ಮುಖವು ಮಾತಾಡಿದವನಿಗೂ ಕಾಣುವುದಿಲ್ಲ.

ಆದರೂ ಆಟಗಾರರ ನಡುವೆ ತಾನಾಗಿಯೇ ಒಂದು ಸಭ್ಯಾಚಾರ ಬೆಳೆಯಿತು. 1998ರಲ್ಲಿ ಬಂದ 'ಸ್ಟಾರ್‌ಕ್ರಾಫ್ಟ್' ದಕ್ಷಿಣ ಕೊರಿಯಾದಲ್ಲಿ ದೂರದರ್ಶನದಲ್ಲಿ ಪ್ರಸಾರವಾಗುವ ವೃತ್ತಿಪರ ಕ್ರೀಡೆಯೇ ಆಯಿತು. ಸೋಲು ಖಚಿತವಾದಾಗ ಸೋಲುವವನು 'ಜಿಜಿ' ಎಂಬ ಎರಡಕ್ಷರವನ್ನು ಟೈಪ್ ಮಾಡಿ ಆಟದಿಂದ ಹೊರಬರುವುದು ಅಲ್ಲಿ ರೂಢಿ. 'ಆಟ ಚೆನ್ನಾಗಿತ್ತು' ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿವು. ಕುಸ್ತಿ ಮುಗಿದ ಮೇಲೆ ಪೈಲ್ವಾನರು ಕೈಕುಲುಕುವಂತೆ, ಸೋಲನ್ನೊಪ್ಪಿ ಎದುರಾಳಿಯನ್ನು ಗೌರವಿಸುವ ವಿಧಿ ಇದು. ಇದನ್ನು ಮೊದಲು ಹೇಳುವ ಹಕ್ಕು ಸೋತವನದು. ಗೆಲ್ಲುತ್ತಿರುವವನೇ ಮುಂದಾಗಿ ಹೇಳಿದರೆ ಅದು ಅಹಂಕಾರ. ಕಾಲಕ್ರಮೇಣ ಇದೇ ಮಾತಿಗೆ 'ಸುಲಭವಾಗಿತ್ತು' ಎಂಬರ್ಥದ ಬಾಲ ಸೇರಿ 'ಜಿಜಿ ಇಝೀ' ಎಂಬ ಹೀಯಾಳಿಕೆ ಹುಟ್ಟಿತು. ನಮಸ್ಕಾರವೇ ತಿರಸ್ಕಾರವಾಯಿತು.

2002ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ 'ಎಕ್ಸ್‌ಬಾಕ್ಸ್ ಲೈವ್' ಸೇವೆಯನ್ನು ಆರಂಭಿಸಿ, ಆಟಗಾರರು ಪರಸ್ಪರ ಮಾತಾಡಲು ಹೆಡ್‌ಸೆಟ್ಟನ್ನೂ ಒದಗಿಸಿತು. ಬರೆಹದಲ್ಲಿ ಆಟಗಾರನ ಲಿಂಗ, ವಯಸ್ಸು, ನಾಡು ಮರೆಯಾಗಿರುತ್ತವೆ. ಧ್ವನಿಯಲ್ಲಿ ಅವು ಒಂದೇ ವಾಕ್ಯಕ್ಕೆ ಬಯಲಾಗುತ್ತವೆ. ಹೆಣ್ಣುಧ್ವನಿ ಕೇಳಿದೊಡನೆ, ಉಚ್ಚಾರಣೆಯಲ್ಲಿ ಪರಕೀಯತೆ ಕಂಡೊಡನೆ, ಬಯ್ಗುಳವು ಆಟವನ್ನು ಬಿಟ್ಟು ಆಟಗಾರರ ಹುಟ್ಟಿಗೆ ಹೊರಳುವುದು ಸುಲಭವಾಯಿತು. ಅಮೆರಿಕದ ಆಂಟಿ-ಡಿಫಮೇಶನ್ ಲೀಗ್ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಆ ದೇಶದಲ್ಲಿ ಇಂಥ ಆಟಗಳನ್ನಾಡುವ ವಯಸ್ಕರಲ್ಲಿ ಶೇ. 74ರಷ್ಟು ಮಂದಿ ಯಾವುದಾದರೊಂದು ಬಗೆಯ ಕಿರುಕುಳಕ್ಕೆ ಒಳಗಾಗಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಜನಾಂಗ, ಧರ್ಮ, ಲಿಂಗ ಮೊದಲಾದ ಕಾರಣಗಳಿಂದಲೇ ತಾವು ಗುರಿಯಾದೆವೆಂದು ನಂಬಿದ್ದರು. ರಂಗದಲ್ಲಿ ಕರ್ಣನಿಗೆ ಕೇಳಿದ ಪ್ರಶ್ನೆಯನ್ನೇ ಇಲ್ಲಿ ಮತ್ತೆ ಕೇಳಲಾಗುತ್ತಿದೆ.

ಆ ಪ್ರಶ್ನೆಗೆ ತೆರಬೇಕಾದ ಬೆಲೆ ಏನೆಂಬುದು 2012ರ ಫೆಬ್ರುವರಿಯಲ್ಲಿ ಎಲ್ಲರಿಗೂ ಕಾಣುವಂತೆ ನಡೆದುಹೋಯಿತು. ಜಪಾನಿನ ಕ್ಯಾಪ್‌ಕಾಮ್ ಕಂಪನಿಯು ತನ್ನ ಹೊಸ ಹೊಡೆದಾಟದ ಆಟದ ಪ್ರಚಾರಕ್ಕಾಗಿ ಅಮೆರಿಕದಲ್ಲಿ 'ಕ್ರಾಸ್ ಅಸಾಲ್ಟ್' ಎಂಬ ಸ್ಪರ್ಧೆಯನ್ನು ಅಂತರ್ಜಾಲದಲ್ಲಿ ನೇರಪ್ರಸಾರ ಮಾಡಿತು. ಅಲ್ಲಿ ಆಟಗಾರ್ತಿಯೊಬ್ಬರನ್ನು ಲೈಂಗಿಕ ಛಾಯೆಯ ಮಾತುಗಳಿಂದ ಸತತವಾಗಿ ಕೆಣಕಿದವರು ಎದುರಾಳಿ ತಂಡದವರಲ್ಲ, ಆಕೆಯ ಸ್ವಂತ ತಂಡದ ತರಬೇತುದಾರರು. ಆಕೆ ಕೊನೆಗೆ ಆಡುವ ಮನಸ್ಸನ್ನೇ ಕಳೆದುಕೊಂಡು ಪಂದ್ಯವನ್ನು ಬಿಟ್ಟುಕೊಟ್ಟರು. ಇಂಥ ಮಾತು ಈ ಆಟದ ಸಂಸ್ಕೃತಿಯದೇ ಭಾಗ, ಅದನ್ನು ತೆಗೆದರೆ ಆಟವೇ ಉಳಿಯದು ಎಂಬುದು ತರಬೇತುದಾರರ ಮೊದಲ ಸಮರ್ಥನೆಯಾಗಿತ್ತು. ವಿರೋಧ ಬಂದ ಮೇಲೆ ಅವರು ಕ್ಷಮೆ ಕೇಳಿದರು. ಕೃತ್ಯದ ಮೂದಲಿಕೆ ದುರ್ಯೋಧನನನ್ನು ನೀರಿನಿಂದ ಹೊರಕ್ಕೆ, ಹೋರಾಟದೆಡೆಗೆ ಎಳೆಯಿತು. ಹುಟ್ಟಿನ ಮೂದಲಿಕೆ ಆಟಗಾರ್ತಿಯನ್ನು ಹೋರಾಟದಿಂದಲೇ ಆಚೆಗೆ ತಳ್ಳಿತು. ಸಮರ್ಥ ಎದುರಾಳಿ ಹೊರಟುಹೋದ ಮೇಲೆ ಉಳಿದ ಗೆಲುವಿಗೆ ಮೌಲ್ಯವೇನು?

ಎಲ್ಲೆಯನ್ನು ಮರಳಿ ಎಳೆಯುವ ಪ್ರಯತ್ನಗಳಲ್ಲಿ ಗಮನಾರ್ಹವಾದದ್ದು ಅಮೆರಿಕದ ರಾಯಟ್ ಗೇಮ್ಸ್ ಕಂಪನಿಯದು. 2009ರಲ್ಲಿ ಆರಂಭವಾದ ಅದರ 'ಲೀಗ್ ಆಫ್ ಲೆಜೆಂಡ್ಸ್' ಆಟದಲ್ಲಿ ಐವರ ಎರಡು ತಂಡಗಳು ಸೆಣಸುತ್ತವೆ. 2011ರಲ್ಲಿ ಕಂಪನಿಯು 'ಟ್ರಿಬ್ಯೂನಲ್' ಎಂಬ ನ್ಯಾಯಮಂಡಳಿಯನ್ನು ತೆರೆಯಿತು. ದೂರಿಗೆ ಒಳಗಾದವರ ಸಂಭಾಷಣೆಯ ದಾಖಲೆಯನ್ನು ಇತರ ಆಟಗಾರರೇ ಓದಿ, ಶಿಕ್ಷೆಯೋ ಕ್ಷಮೆಯೋ ಎಂದು ಮತ ಹಾಕುತ್ತಿದ್ದರು. ಧರ್ಮರಾಯ, ಬಲರಾಮರ ಸ್ಥಾನವನ್ನು ಸಾಕ್ಷಿಗಳಿಗೆ ಮರಳಿ ಕೊಡುವ ಪ್ರಯತ್ನ ಇದಾಗಿತ್ತು. 2014ರಲ್ಲಿ ಅದು ನಿಂತು, ಯಂತ್ರಗಳೇ ತೂಗಿ ನೋಡುವ ಶೀಘ್ರವ್ಯವಸ್ಥೆಗೆ ದಾರಿಯಾಯಿತು.

ಈ ಕೆಲಸದ ಮುಂದಾಳಾಗಿದ್ದ ನರವಿಜ್ಞಾನಿ ಜೆಫ್ರಿ ಲಿನ್ ಅವರ ತಂಡ ಕಂಡುಕೊಂಡ ಸತ್ಯ ವಿಚಾರಾರ್ಹವಾಗಿದೆ. ಸದಾ ದುರ್ವರ್ತನೆಯಲ್ಲಿ ತೊಡಗಿದವರು ಆಟಗಾರರಲ್ಲಿ ಶೇ. 1ರಷ್ಟು ಮಾತ್ರ, ಒಟ್ಟು ನಿಂದೆಯಲ್ಲಿ ಅವರ ಪಾಲು ಸುಮಾರು ಶೇ. 5. ಉಳಿದುದರಲ್ಲಿ ಬಹುಭಾಗ ಬಂದದ್ದು ಸಾಮಾನ್ಯವಾಗಿ ಸಭ್ಯರಾಗಿದ್ದು ಯಾವುದೋ ಒಂದು ದಿನ ತಾಳ್ಮೆಗೆಟ್ಟವರಿಂದ. ಅಂದರೆ ದುಷ್ಟರನ್ನೆಲ್ಲ ಹೊರಹಾಕಿದರೂ ಸಮಸ್ಯೆ ತೀರದು. ಇನ್ನೊಂದು ಪ್ರಯೋಗದಲ್ಲಿ ಎದುರು ತಂಡದೊಡನೆ ಮಾತಾಡುವ ಸೌಲಭ್ಯವನ್ನು ಮೊದಲೇ ಮುಚ್ಚಿಟ್ಟು, ಬೇಕೆಂದವರು ತಾವೇ ತೆರೆದುಕೊಳ್ಳುವಂತೆ ಮಾಡಲಾಯಿತು. ಮಾತಿನ ಪ್ರಮಾಣ ಕುಗ್ಗಲಿಲ್ಲ. ಕೆಟ್ಟ ಮಾತು ಸುಮಾರು ಮೂರನೆಯ ಒಂದು ಪಾಲು ಇಳಿಯಿತು, ಒಳ್ಳೆಯ ಮಾತು ಹೆಚ್ಚುಕಡಿಮೆ ಅಷ್ಟೇ ಏರಿತು. ಬಾಯಿ ತೆರೆಯುವ ಮುನ್ನ ಒಂದು ಕ್ಷಣದ ತಡೆಯಷ್ಟೇ ಸಾಕಾಗಿತ್ತು.

ಮಾತನ್ನೇ ಕತ್ತರಿಸಿದರೆ ಹೇಗೆ? 2014ರಲ್ಲಿ ಬ್ಲಿಝಾರ್ಡ್ ಕಂಪನಿ ಹೊರತಂದ ಇಸ್ಪೀಟಿನಂಥ ಆಟ 'ಹಾರ್ತ್‌ಸ್ಟೋನ್' ಈ ದಾರಿ ಹಿಡಿಯಿತು. ಅಪರಿಚಿತ ಎದುರಾಳಿಗೆ ಹೇಳಬಹುದಾದದ್ದು ಆರು ಸಿದ್ಧವಾಕ್ಯಗಳನ್ನು ಮಾತ್ರ: ವಂದನೆ, ಧನ್ಯವಾದ, ಮೆಚ್ಚುಗೆ, ಕ್ಷಮಾಯಾಚನೆ, ತಪ್ಪಾಯಿತೆಂಬ ಉದ್ಗಾರ ಮತ್ತು ಬೆದರಿಕೆ. ಆಟಗಾರರು ಕ್ಷಮೆಯ ಮಾತನ್ನೇ ಅತ್ಯಂತ ಕ್ರೂರವಾದ ಮೂದಲಿಕೆಯಾಗಿಸಿದರು. ಎದುರಾಳಿಯನ್ನು ಮುಗಿಸುವ ಹೊಡೆತದ ಮುನ್ನ 'ಕ್ಷಮಿಸಿ' ಎಂದರು. 2016ರಲ್ಲಿ ಕಂಪನಿ ಅದನ್ನು ತೆಗೆದು ವಿಸ್ಮಯಸೂಚಕವೊಂದನ್ನು ಇಟ್ಟಿತು. ಅದೂ ಅದೇ ಕೆಲಸಕ್ಕೆ ಬಳಕೆಯಾಯಿತು. ಅಲಂಕಾರಶಾಸ್ತ್ರ ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೇಳುವ ಧಾಟಿಯಿಂದಲೇ ಅರ್ಥ ತಿರುಗುವುದನ್ನು ರುದ್ರಟನು ಕಾಕುವಕ್ರೋಕ್ತಿ ಎಂದು ಗುರುತಿಸಿದ್ದಾನೆ. ಹೊಗಳಿಕೆಯ ವೇಷದ ನಿಂದೆಗೆ ವ್ಯಾಜಸ್ತುತಿ ಎಂಬ ಹೆಸರಿದೆ. ಧ್ವನಿಯಿಲ್ಲದ ಕಡೆ ಸಮಯವೇ ಕಾಕುವಾಗುತ್ತದೆ. ನಿಂದೆ ಪದಕೋಶದಲ್ಲಿಲ್ಲ, ಪ್ರಯೋಗದಲ್ಲಿದೆ. ಪದವನ್ನು ನಿಷೇಧಿಸಿ ಅದನ್ನು ನಿವಾರಿಸಲಾಗದು.

ಅದೇ ಕಂಪನಿ ಇನ್ನೊಂದು ಆಟದಲ್ಲಿ ಹಾಸ್ಯದ ಮೊರೆಹೊಕ್ಕಿತು. 2016ರ 'ಓವರ್‌ವಾಚ್'ನಲ್ಲಿ ಯಾರಾದರೂ 'ಜಿಜಿ ಇಝೀ' ಎಂದು ಬರೆದರೆ, ಯಂತ್ರವು ಅದನ್ನು ಅಳಿಸಿ, ಎದುರಾಳಿಯನ್ನು ಹೊಗಳುವ ಅಥವಾ ಬರೆದವನೇ ತನ್ನನ್ನು ಗೇಲಿ ಮಾಡಿಕೊಳ್ಳುವ ವಾಕ್ಯವನ್ನು ಅವನ ಹೆಸರಿನಲ್ಲಿಯೇ ಪ್ರಕಟಿಸುತ್ತಿತ್ತು. ಮಾತಿಗೆ ಮಾತಿನಿಂದಲೇ ಉತ್ತರ ಎಂಬ ಭೀಷ್ಮಪರ್ವದ ನಿಯಮವನ್ನು ಅರಿಯದೆಯೇ ಪಾಲಿಸಿದಂತಿತ್ತು ಇದು.

ಭಾರತಕ್ಕೂ ಈ ಪ್ರಶ್ನೆ ದೂರದ್ದಲ್ಲ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇಂಥ ಆಟಗಳು ಪ್ರದರ್ಶನ ಸ್ಪರ್ಧೆಯಾಗಿ ಸೇರಿದಾಗ ಗುಜರಾತಿನ ತೀರ್ಥ್ ಮೆಹತಾ ಕಂಚು ಗೆದ್ದದ್ದು ಅದೇ 'ಹಾರ್ತ್‌ಸ್ಟೋನ್'ನಲ್ಲಿ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಬಹುಕ್ರೀಡಾ ಕೂಟಗಳ ಭಾಗವೆಂದು ಮಾನ್ಯಮಾಡಿ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. ಕ್ರೀಡೆಯೆಂಬ ಹೆಸರು ಬಂದ ಮೇಲೆ ಕ್ರೀಡಾಧರ್ಮದ ಹೊಣೆಯೂ ಬರಬೇಕು.

ಆ ಹೊಣೆಯು ಮೂದಲಿಕೆಯನ್ನು ಇಲ್ಲವಾಗಿಸುವುದಲ್ಲ. ಕೆಚ್ಚಿನ ಮಾತಿಲ್ಲದ ಸ್ಪರ್ಧೆ ಸಪ್ಪೆ. ಭೀಮನ ದನಿಯಿಲ್ಲದೆ 'ಗದಾಯುದ್ಧ'ವಿಲ್ಲ. ಆದರೆ ಆಡುವವನು ತನ್ನ ಮಾತಿಗೆ ತಾನು ಬಾಧ್ಯನಾಗಿರಬೇಕು, ಕೇಳುವವನಿಗೆ ಉತ್ತರಿಸುವ ಅವಕಾಶವಿರಬೇಕು, ಮಾತು ಆಟವನ್ನು ದಾಟಿ ಹುಟ್ಟಿಗೆ ತಾಗಬಾರದು. ಕಂಪನಿಗಳು ಯಂತ್ರಗಳಿಂದ ಕಟ್ಟಹೊರಟಿರುವುದು ಈ ಹಳೆಯ ಎಲ್ಲೆಯನ್ನೇ. ಯಂತ್ರವು ದಾಖಲೆ ಇಡಬಲ್ಲದು, ಶಿಕ್ಷೆ ಕೊಡಬಲ್ಲದು. ತಲೆಯ ಮೇಲೆ ಕಾಲಿಡಬೇಡವೆಂದು ಗೆದ್ದ ತಮ್ಮನಿಗೆ ಹೇಳಬೇಕಾದವನು ಮಾತ್ರ ಅವನ ಪಕ್ಷದ ಅಣ್ಣನೇ. ತಂಡದೊಳಗಿನ ಆ ಒಂದು ದನಿ ಅಡಗಿದ ದಿನ ಯಾವ ನ್ಯಾಯಮಂಡಳಿಯೂ ಅದರ ಸ್ಥಾನವನ್ನು ತುಂಬಲಾರದು.