ದುರ್ಗಾಳ ಡಾಕ್ಟರಿಗೆ ನಾವು ಕೊಟ್ಟ ಬಹುಮಾನ

ಮಗುವಿಗಾಗಿ ಕಾಯುತ್ತಿರುವ ದಂಪತಿ ಕ್ಯಾಲೆಂಡರ್ ಮುಂದೆ ಕೂತು ದಿನ ಎಣಿಸ್ತಾರೆ. ಯಾಕೆ ಗೊತ್ತಾ? ಅಂಡಾಶಯದಲ್ಲಿ ಪ್ರತಿ ತಿಂಗಳು ಹಲವು ಅಂಡಗಳು ಬೆಳೆಯೋಕೆ ಶುರು ಮಾಡ್ತವೆ. ಪೂರ್ತಿ ಬಲಿಯೋದು ಸಾಮಾನ್ಯವಾಗಿ ಒಂದೇ. ಉಳಿದವು ಅಲ್ಲೇ ಕರಗಿ ಹೋಗ್ತವೆ. ಬಲಿತು ಹೊರಬಂದ ಅಂಡದ ಆಯಸ್ಸು ಹೆಚ್ಚೆಂದರೆ 24 ಗಂಟೆ.

ಈ ಲೆಕ್ಕವನ್ನೇ ಬದಲಿಸಲು ಹೊರಟವರು ಕೋಲ್ಕತ್ತಾದ ಡಾ. ಸುಭಾಷ್ ಮುಖೋಪಾಧ್ಯಾಯ.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಅಲ್ಲಿನ ಎಡ್ವರ್ಡ್ಸ್ ಮತ್ತು ಸ್ಟೆಪ್‌ಟೋ ಹಾರ್ಮೋನ್ ಕೊಟ್ಟು ಮಾಡಿದ ಪ್ರಯತ್ನಗಳಲ್ಲಿ ಸೋತು, ಕೊನೆಗೆ ತಾನಾಗಿ ಬಲಿತ ಒಂದೇ ಒಂದು ಅಂಡವನ್ನು ನಂಬಿದ್ದರು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಹುಟ್ಟಿದವಳು ದುರ್ಗಾ. ಮುಖೋಪಾಧ್ಯಾಯರು ಹಾರ್ಮೋನ್ ಕೊಟ್ಟೇ ಹಲವು ಅಂಡ ಬೆಳೆಸಿದ್ದರು. ಭ್ರೂಣವನ್ನು 53 ದಿನ ಶೈತ್ಯದಲ್ಲಿಟ್ಟು, ಆಮೇಲೆ ಗರ್ಭಕ್ಕೆ ಸೇರಿಸಿದ್ದರು.

ಶೈತ್ಯದಲ್ಲಿ ಯಾಕೆ ಇಡಬೇಕು ಸ್ವಾಮಿ? ನಾನು ಓದಿದ್ದು ಇಂಜಿನಿಯರಿಂಗ್, ಇದು ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. ಹೆಚ್ಚು ಅಂಡಕ್ಕಾಗಿ ಕೊಡುವ ಹಾರ್ಮೋನು ಗರ್ಭಕೋಶದ ಒಳಪದರದ ಹದ ಕೆಡಿಸಬಹುದು. ಬೀಜ ಸಿದ್ಧ, ನೆಲ ಸಿದ್ಧ ಇಲ್ಲ. ಹಾಗಾಗಿ ಬೀಜವನ್ನು ಜೋಪಾನ ಮಾಡಿ, ನೆಲ ಹದಕ್ಕೆ ಬರುವ ಇನ್ನೊಂದು ತಿಂಗಳಿಗೆ ಕಾಯಬೇಕು. ಇವತ್ತು ಎಷ್ಟೋ ಆಸ್ಪತ್ರೆಗಳಲ್ಲಿ ನಡೆಯೋದು ಇದೇ. ಹೊರ ಜಗತ್ತು ಶೈತ್ಯದಲ್ಲಿಟ್ಟ ಭ್ರೂಣದಿಂದ ಮಗು ಕಂಡಿದ್ದು 1984ರಲ್ಲಿ, ಆಸ್ಟ್ರೇಲಿಯಾದಲ್ಲಿ!

ಇಂಥವರಿಗೆ ನಾವು ಕೊಟ್ಟದ್ದೇನು? ಒಂದು ತನಿಖಾ ಸಮಿತಿ. ಪಶ್ಚಿಮ ಬಂಗಾಳ ಸರ್ಕಾರ ಅದರ ತಲೆಗೆ ಕೂರಿಸಿದ್ದು ರೇಡಿಯೋ ಫಿಸಿಕ್ಸ್ ಪ್ರಾಧ್ಯಾಪಕರೊಬ್ಬರನ್ನು. ಅಂಡದ ವಿಚಾರಕ್ಕೆ ರೇಡಿಯೋ! ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿಗೆ ಹೋಗಿ ಸಂಶೋಧನೆ ವಿವರಿಸುತ್ತೇನೆ ಅಂದರೆ ಅನುಮತಿ ಇಲ್ಲ. 1981ರಲ್ಲಿ ಈ ಹಾರ್ಮೋನ್ ತಜ್ಞರನ್ನು ಎತ್ತಂಗಡಿ ಮಾಡಿದ್ದು ಕಣ್ಣಿನ ಸಂಸ್ಥೆಗೆ. ಅದೇ ಜೂನ್ 19ರಂದು ಅವರು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ವಯಸ್ಸು 50.

1986ರಲ್ಲಿ ಮುಂಬೈಯಲ್ಲಿ ಹರ್ಷಾ ಹುಟ್ಟಿದಾಗ ದೇಶದ ಮೊದಲ ಪ್ರನಾಳ ಶಿಶು ಅಂತ ಸುದ್ದಿಯಾಯಿತು. ಅದರ ಹಿಂದಿದ್ದ ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್. ಮುಂದೆ ಮುಖೋಪಾಧ್ಯಾಯರ ದಾಖಲೆಗಳು ಅವರ ಕೈಗೆ ಬಂದವು. ಓದಿದರು. ಬೇರೆಯವರಾಗಿದ್ದರೆ ಮಡಚಿ ಬೀರುವಿನಲ್ಲಿ ಇಡುತ್ತಿದ್ದರೋ ಏನೋ. ಇವರು 1997ರಲ್ಲಿ, ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಮೊದಲ ಸ್ಥಾನ ತನ್ನದಲ್ಲ, ಆ ಕೋಲ್ಕತ್ತಾದ ಡಾಕ್ಟರದ್ದು ಅಂತ ಬರೆದರು. ಅಷ್ಟೊತ್ತಿಗೆ ಆ ಡಾಕ್ಟರು ಹೋಗಿ ಹತ್ತಿರ ಹತ್ತಿರ 16 ವರ್ಷ.