ಕರೆಂಟ್ ಹೋದ್ರೆ ‘ಸೇವ್’ ಆಗಿದ್ದು ಎಲ್ಲಿಗೆ ಹೋಗತ್ತೆ?

1/5
ರಾಜ್ಯಕ್ಕೆ ಕರೆಂಟ್ ಕೊಡೋ ಸೀಮೆ ನಮ್ಮದು. ಸಾಗರದಲ್ಲಿ 1964ರ ಲಿಂಗನಮಕ್ಕಿ, ಹೊಸನಗರದಲ್ಲಿ ವಾರಾಹಿಯ ಮಾಣಿ ಡ್ಯಾಂ. ಆದ್ರೆ ಮಳೆಗಾಲ ಶುರುವಾದ್ರೆ ಆಗುಂಬೆಯಿಂದ ಸಾಗರದವರೆಗೂ ಮರ ಬೀಳೋದು ತಂತಿ ಮೇಲೇ!
ಹಾಗೊಂದು ಸಂಜೆ ಅಪ್ಪನ ಇಡೀ ವರ್ಷದ ಅಡಿಕೆ ಲೆಕ್ಕ ಟೈಪ್ ಮಾಡಿ ಸೇವ್ ಕೊಟ್ಟೆ. ಮರುಕ್ಷಣ ಕರೆಂಟ್ ಹೋಯ್ತು. ಬಂದ್ಮೇಲೆ ನೋಡಿದ್ರೆ ಫೈಲ್ ಇದೆ, ಗಾತ್ರ ಮಾತ್ರ ಸೊನ್ನೆ. ಹಾಗಾದ್ರೆ ‘ಸೇವ್ ಆಯ್ತು’ ಅಂದಿದ್ದು ಸುಳ್ಳಾ?

2/5
ಅರ್ಧ ಸುಳ್ಳು. ನಾವು ಸೇವ್ ಮಾಡಿದ್ದು ಮೊದಲು ಹೋಗೋದು ಮೆಮೊರಿಗೆ. ಆಪರೇಟಿಂಗ್ ಸಿಸ್ಟಂ ಅದನ್ನ ಡಿಸ್ಕಿಗೆ ಕಳಿಸೋದು ಆಮೇಲೆ. ಡಿಸ್ಕ್ ಒಳಗೂ ಒಂದು ಪುಟ್ಟ ಮೆಮೊರಿ ಇದೆ. ಅಲ್ಲಿಗೆ ತಲುಪಿದ ಕೂಡಲೇ ಡಿಸ್ಕ್ ‘ಆಯ್ತು’ ಅಂದುಬಿಡತ್ತೆ. ಕರೆಂಟ್ ಹೋದ್ರೆ ಎರಡೂ ಖಾಲಿ.
ಇನ್ನೊಂದು ಸಂದರ್ಭ ನೋಡಿ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡ್ತಾನೇ ಇದೆ, ಹೊರಗಿನ ಡಿಸ್ಕ್ ಮಾತ್ರ ಆಫ್ ಆಗಿ ರೀಸೆಟ್ ಆಯ್ತು. ಏನೂ ಆಗಿಲ್ಲ ಅಂತ ಸಿಸ್ಟಂ ಮುಂದುವರಿದ್ರೆ ಕಳೆದಿದ್ದು ಯಾರಿಗೂ ಗೊತ್ತೇ ಆಗಲ್ಲ.

3/5
ಇದಕ್ಕೆ ಸಿಕ್ಕ ಪರಿಹಾರ ನಮ್ಮ ಬಿಕಾಂ ಮೊದಲ ಪಾಠ ಮಾರಾಯ್ರೇ! ಮೊದಲು ಜರ್ನಲ್, ಆಮೇಲೆ ಲೆಡ್ಜರ್. ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಈ ಕ್ರಮ ಇದೆ. ನಮ್ಮ ಮಂಡಿಗಳಲ್ಲೂ ಮೊದಲು ಕೀರ್ದಿ, ಆಮೇಲೆ ಖಾತೆ. ಖಾತೆ ಬರೆಯೋವಾಗ ದೀಪ ಆರಿದ್ರೂ ಕೀರ್ದಿ ನೋಡಿ ಮುಗಿಸಬಹುದು.
1993ರ ವಿಂಡೋಸ್ ಎನ್‌ಟಿ, 2001ರಲ್ಲಿ ಲಿನಕ್ಸ್‌ಗೆ ಸೇರಿದ ಇಎಕ್ಸ್‌ಟಿ3 ಮಾಡಿದ್ದೂ ಇದನ್ನೇ. ಜರ್ನಲ್‌ನಲ್ಲಿ ಪೂರ್ತಿ ಇದ್ದಿದ್ದನ್ನ ಮತ್ತೆ ನಡೆಸು, ಅರ್ಧ ಇದ್ದಿದ್ದನ್ನ ಬಿಡು. ಆದ್ರೆ ಸಾಮಾನ್ಯವಾಗಿ ಜರ್ನಲ್ ಕಾಯೋದು ಫೈಲ್‌ಗಳ ಹೆಸರು, ಜಾಗದ ಲೆಕ್ಕವನ್ನ. ಒಳಗಿನ ಬರಹಕ್ಕೆ ಅಷ್ಟು ಖಾತರಿ ಇಲ್ಲ.

4/5
2009ರಲ್ಲಿ ಇದೇ ಜಗಳ ಆಯ್ತು. ಹೊಸ ಇಎಕ್ಸ್‌ಟಿ4 ವೇಗಕ್ಕೋಸ್ಕರ ಬರೆಯೋದನ್ನ ಇನ್ನಷ್ಟು ಮುಂದೂಡ್ತಿತ್ತು. ಸಿಸ್ಟಂ ಕ್ರ್ಯಾಶ್ ಆದ್ರೆ ಫೈಲ್‌ಗಳು ಸೊನ್ನೆ, ಥೇಟ್ ನನ್ನ ಹಾಗೇ. ‘ಈಗಲೇ ಡಿಸ್ಕಿಗೆ ಬರಿ’ ಅನ್ನೋ ಎಫ್‌ಸಿಂಕ್ ಆಜ್ಞೆಯನ್ನ ಪ್ರೋಗ್ರಾಂಗಳೇ ಕೊಡಬೇಕು ಅನ್ನೋದು ಅದರ ಮುಖ್ಯಸ್ಥ ಥಿಯೊಡೋರ್ ಚೊ ಅವರ ವಾದ. ನಿಯಮದ ಪ್ರಕಾರ ಅದು ಸರಿಯೇ. ಆದ್ರೂ ಜನರ ಫೈಲ್ ಉಳೀಲಿ ಅಂತ ಕೊನೆಗೆ ಅವರೇ ಇಎಕ್ಸ್‌ಟಿ4 ತಿದ್ದಿದರು.

5/5
2018ರಲ್ಲಿ ಇನ್ನೂ ದೊಡ್ಡ ಆಘಾತ. ಎಫ್‌ಸಿಂಕ್ ಒಮ್ಮೆ ಸೋತ್ರೆ ಲಿನಕ್ಸ್ ಆ ತಪ್ಪನ್ನ ಒಂದು ಸಲ ಹೇಳಿ ಮರೆತುಬಿಡ್ತಿತ್ತು. ಮತ್ತೆ ಕೇಳಿದ್ರೆ ‘ಎಲ್ಲ ಸರಿ’! ಇದು ತಿಳಿದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರು 2019ರಲ್ಲಿ ನಿಯಮ ಬದಲಿಸಿದರು. ಎಫ್‌ಸಿಂಕ್ ಸೋತ್ರೆ ಮರುಪ್ರಯತ್ನ ಬೇಡ. ತಕ್ಷಣ ನಿಲ್ಲು, ನಿನ್ನ ಕೀರ್ದಿ ನೋಡಿ ಮತ್ತೆ ಶುರುಮಾಡು.
ನನಗನ್ಸೋದು ಇಷ್ಟೇ. ಟ್ಯಾಲಿ ಆಗದಿದ್ದಾಗ ಕೆಲಸ ನಿಲ್ಲಿಸೋ ಗುಮಾಸ್ತನಿಂದ ನಷ್ಟ ಕಮ್ಮಿ. ಸುಮ್ನೆ ಒಂದು ಅಂಕಿ ತುಂಬಿ ಟ್ಯಾಲಿ ಮಾಡೋನಿಂದಲೇ ಮನೆ ಹಾಳು. ಸಿಸ್ಟಂಗೂ ಅದೇ ಮಾತು. ಬರೆದದ್ದು ಖಾತ್ರಿ ಆಗೋ ತನಕ ‘ಆಯ್ತು’ ಅನ್ನಬಾರದು, ಕಳೆದಿದ್ರೆ ಮುಚ್ಚಿಡಬಾರದು.
ಅಂದಹಾಗೆ, ನನ್ನ ಲೆಕ್ಕ ವಾಪಸ್ ಸಿಕ್ತು. ಅಪ್ಪನ ಜೇಬಿನ ಡೈರಿಯಲ್ಲಿ, ದಿನದಿನದ್ದೂ ಪೆನ್ನಲ್ಲಿ ಬರೆದಿತ್ತು.
ನಿಮ್ಮದೂ ಹೀಗೆ ಏನಾದ್ರೂ ಹೋಗಿದ್ಯಾ? ಕೆಳಗೆ ಬರೀರಿ.

#ಮಲೆನಾಡು #ಸಾಗರ #ಹೊಸನಗರ #ತೀರ್ಥಹಳ್ಳಿ #ಬಿಕಾಂ