‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದದ ಸಂಸಾರ

ಮುಖ್ಯ ಕ್ರಿಯಾಪದದ ಬೆನ್ನಿಗೆ ಬಂದು ಅದರ ಅರ್ಥವನ್ನು ತಿದ್ದುವ ಪದಕ್ಕೆ ವ್ಯಾಕರಣದಲ್ಲಿ ಸಹಾಯಕ ಕ್ರಿಯಾಪದ ಎಂದು ಹೆಸರು; ಕನ್ನಡದಲ್ಲಿ ಅಂಥ ಪದಗಳ ಪೈಕಿ ‘ಕೊಳ್ಳು’ವಿನಷ್ಟು ದುಡಿಯುವುದು ಇನ್ನೊಂದಿಲ್ಲ. ಒಂಟಿಯಾಗಿ ನಿಂತಾಗ ಅದಕ್ಕೆ ಬೆಲೆ ತೆತ್ತು ಪಡೆಯುವ ಅರ್ಥವಿದೆ. ಹಳಗನ್ನಡದ ‘ಕೊಳ್’ ಧಾತುವಿನಲ್ಲಿ ಬಲದಿಂದ ಕಸಿಯುವ ಅರ್ಥವೂ ಇತ್ತು, ‘ಕೊಳ್ಳೆ’ ಎಂಬ ಮಾತು ಅದೇ ಬೇರಿನದು. ಹೆಣ್ಣು ಕೊಟ್ಟು ತರುವ ಸಂಬಂಧವನ್ನು ‘ಕೊಡು ಕೊಳ್ಳುವುದು’ ಎಂದು ಕರೆದಾಗ ಆ ಹಳೆಯ ಅರ್ಥಗಳೆಲ್ಲ ಸ್ವಲ್ಪ ಸ್ವಲ್ಪ ಜೀವಂತವಾಗಿರುತ್ತವೆ. ಇನ್ನೊಂದು ಕ್ರಿಯಾಪದಕ್ಕೆ ಅಂಟಿದಾಗ ಮಾತ್ರ ಅದು ಆತ್ಮಾರ್ಥಕವಾಗುತ್ತದೆ, ಎಂದರೆ ಕ್ರಿಯೆಯ ಫಲ ಮಾಡಿದವರಿಗೇ ತಿರುಗಿ ಬರುತ್ತದೆಂದು ಸೂಚಿಸುತ್ತದೆ: ಅಡುಗೆ ಮಾಡಿದಳು ಎಂದರೆ ಯಾರಿಗಾದರೂ ಆಗಬಹುದು, ಮಾಡಿಕೊಂಡಳು ಎಂದರೆ ತನಗಾಗಿ.

ಸಾವನದುರ್ಗ ಬೆಟ್ಟದ ಆಸುಪಾಸಿನ ಆಡುಮಾತಿನಲ್ಲಿ, ಅಂದರೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರದ ಹಳ್ಳಿಗಳಲ್ಲಿ, ಈ ‘ಕೊಂಡು’ ಸವೆದು ‘ಕಂಡು’ ಆಗುತ್ತದೆ, ಹಕಾರ ಬಿದ್ದುಹೋಗುತ್ತದೆ. ಗಂಡನಿಂದ ಏಟು ತಿಂದ ಹೆಂಗಸಿನ ಸುದ್ದಿ ಅಲ್ಲಿ ಸಾಮಾನ್ಯವಾಗಿ ‘ಒಡುಸ್ಕಂಡ್ಲು’ ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. ಬಿಡಿಸಿ ನೋಡಿದರೆ ಆ ಪದದಲ್ಲಿ ಮೂರು ಪದರಗಳಿವೆ: ‘ಹೊಡೆ’ ಎಂಬ ಧಾತು, ಬೇರೆಯವರಿಂದ ಮಾಡಿಸುವುದನ್ನು ಹೇಳುವ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ, ಕೊನೆಗೆ ‘ಕೊಳ್ಳು’. ಅಂಗಿ ಹೊಲಿಸಿಕೊಂಡ, ಕ್ಷೌರ ಮಾಡಿಸಿಕೊಂಡ ಎಂಬ ವಾಕ್ಯಗಳ ಅಚ್ಚಿನಲ್ಲೇ ಹೊಡೆಸಿಕೊಂಡಳು ಎಂಬುದೂ ಎರಕವಾಗಿದೆ. ಹೊಲಿಸಿಕೊಂಡವನು ಬಟ್ಟೆ ಒಯ್ದು ಅಳತೆ ಕೊಟ್ಟಿರುತ್ತಾನೆ. ಹೊಡೆಸಿಕೊಂಡವಳೂ ಏನೋ ಒಂದನ್ನು ಒಯ್ದು ಕೊಟ್ಟಿರಬೇಕು ಎಂಬ ಗುಮಾನಿ ಕೇಳುಗರಲ್ಲಿ ತಾನಾಗಿ ಹುಟ್ಟುತ್ತದೆ, ಹೊಡೆದವನು ವಾಕ್ಯದಲ್ಲಿ ಕಾಣಿಸುವುದೇ ಇಲ್ಲ. ಮುಂದಿನ ಪ್ರಶ್ನೆ ಅದಕ್ಕೇ ಅಷ್ಟು ಸಲೀಸು: ‘ಸುಮ್‌ಸುಮ್ಕೆ ಒಡ್ದಾನಾ?’

ಈ ಒಂದು ಪ್ರಯೋಗದಿಂದ ಭಾಷೆಯನ್ನೇ ಕಟಕಟೆಗೆ ತರುವುದು ಆತುರದ ಕೆಲಸವಾದೀತು. ಹೊಡೆಯಲ್ಪಟ್ಟಳು ಎಂಬ ಕರ್ಮಣಿ ಪ್ರಯೋಗ ಪುಸ್ತಕದ್ದು, ಅದನ್ನು ಯಾವ ಊರಿನಲ್ಲೂ ಯಾರೂ ಆಡುವುದಿಲ್ಲ. ಅದರ ಕೆಲಸವನ್ನು ಮಾತಿನಲ್ಲಿ ‘ಇಸಿಕೊಳ್ಳು’ ರೂಪವೇ ಮಾಡುತ್ತದೆ. ನಾಯಿಯ ಕೈಲಿ ಕಚ್ಚಿಸಿಕೊಂಡ ಹುಡುಗನಿಗೂ ಅದೇ ರೂಪ ಸಲ್ಲುತ್ತದೆ. (ಅದರ ಬಾಲ ಯಾಕೆ ತುಳಿದೆ ಎಂದು ಅವನನ್ನೂ ಕೇಳುವವರುಂಟು, ಆದರೆ ಚುಚ್ಚುಮದ್ದು ಕೊಡಿಸಿದ ಮೇಲೆ.) ರೂಪ ಒಂದು ತೆರಪನ್ನು ಬಿಟ್ಟಿರುತ್ತದೆ ಅಷ್ಟೆ, ಅದರಲ್ಲಿ ಏನನ್ನು ತುಂಬಬೇಕೆಂಬುದನ್ನು ಆಡುವ ಸಮಾಜ ನಿರ್ಧರಿಸುತ್ತದೆ.

ಏನನ್ನು ತುಂಬುತ್ತಾರೆಂಬುದಕ್ಕೆ ಲೆಕ್ಕವೂ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿತ್ತು: ಹೇಳದೆ ಹೊರಗೆ ಹೋಗುವುದು, ಮನೆ ಮಕ್ಕಳನ್ನು ಅಲಕ್ಷಿಸುವುದು, ಎದುರು ಮಾತನಾಡುವುದು, ಅಡುಗೆ ಕೆಡಿಸುವುದು, ಅತ್ತೆ ಮಾವಂದಿರಿಗೆ ಅಗೌರವ ತೋರುವುದು, ಹಾಸಿಗೆಗೆ ಒಲ್ಲೆನೆನ್ನುವುದು, ಶೀಲದ ಬಗೆಗಿನ ಶಂಕೆ. ಒಂದಕ್ಕಾದರೂ ಸರಿ ಎಂದ ಹೆಂಗಸರು ಕರ್ನಾಟಕದಲ್ಲಿ ಶೇ. 76.9, ಗಂಡಸರು ಶೇ. 81.9, ಹಿಮಾಚಲ ಪ್ರದೇಶದಲ್ಲಿ ಎರಡೂ ಸಂಖ್ಯೆಗಳು ಶೇ. 15ರ ಒಳಗಿದ್ದವು. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಹೆಚ್ಚಳದಲ್ಲಿ ಹಿಂಸೆಯ ಪಾಲೆಷ್ಟು, ಬಾಯಿಬಿಟ್ಟು ಹೇಳುವವರು ಹೆಚ್ಚಿದ ಪಾಲೆಷ್ಟು ಎಂಬ ಚರ್ಚೆ ಏನೇ ಇರಲಿ, ಹೊಡೆತಕ್ಕೆ ಕಾರಣ ಒದಗಿಸುವವರ ಪಾಲು ಹೊಡೆತ ತಿಂದವರ ಪಾಲಿಗಿಂತ ಬಹಳ ದೊಡ್ಡದು.

ಹೊಡೆಸಿಕೊಂಡವಳಿಗೆ ಸಿಗುವ ಉಪದೇಶದಲ್ಲೂ ಅದೇ ಸಹಾಯಕ ಕ್ರಿಯಾಪದ ಕಾದಿರುತ್ತದೆ: ‘ವಸಿ ಅನುಸರ್ಸ್‌ಕಂಡ್ ಓಗವ್ವ.’ ಅನುಸರಿಸು ಎಂದರೆ ಹಿಂದೆ ನಡೆ ಎಂಬ ಸಂಸ್ಕೃತ ಮೂಲದ ಮಾತು. ಅದರ ಪಕ್ಕಕ್ಕೆ ‘ಹೋಗು’ ಬಂದಾಗ ಅದು ಎಲ್ಲಿಗೋ ಹೊರಡುವ ಹೋಗು ಅಲ್ಲ, ಇದ್ದಲ್ಲೇ ಮುಂದುವರಿಯುವ ಹೋಗು. ಬಸ್ಸಿನಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದವರಿಗೆ ಇಳಿಯುವ ಸ್ಟಾಪು ಒಂದಿರುತ್ತದೆ, ಈ ಅನುಸರಣೆಗೆ ಅಂಥದ್ದಿಲ್ಲ. ಅದಕ್ಕಿಂತ ಗಮನಿಸಬೇಕಾದದ್ದು ವಾಕ್ಯದಲ್ಲಿ ಕರ್ಮಪದ ಇಲ್ಲದಿರುವುದು: ಏನನ್ನು ಅನುಸರಿಸಬೇಕು? ಗಂಡನ ಒದೆಯನ್ನು ಅನುಸರಿಸಿಕೊಂಡು ಹೋಗು ಎಂದು ಪೂರ್ತಿ ವಾಕ್ಯ ಹೇಳುವ ಧೈರ್ಯ ಯಾವ ಹಿರಿಯರಿಗೂ ಇದ್ದಂತಿಲ್ಲ. ಜನಪದ ಕಥನಗೀತೆ ‘ಕೆರೆಗೆ ಹಾರ’ದಲ್ಲಿ ಬಲಿಯಾಗಲಿರುವ ಭಾಗೀರಥಿ ತವರಿಗೆ ಹೋಗಿ ನಿಜ ಹೇಳಲಾರದೆ ಗೆಳತಿಯ ಮುಂದೆ ಮಾತ್ರ ಬಾಯಿಬಿಟ್ಟಾಗ, ಅವರು ಇಟ್ಟ ಹಾಗೆ ಇರಬೇಕೆಂಬ ಉತ್ತರವೇ ಅವಳಿಗೆ ದಕ್ಕಿತು, ಅಲ್ಲಿ ಕನಿಷ್ಠ ಇಡುವವರು ಯಾರೆಂಬುದಾದರೂ ಸ್ಪಷ್ಟವಿದೆ.

ಈ ಉಪದೇಶ ಅರಳಿಕಟ್ಟೆಯಲ್ಲೇ ನಿಲ್ಲುವುದಿಲ್ಲ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರು 2012ರ ಆಗಸ್ಟಿನಲ್ಲಿ, ಗಂಡನ ಹೊಡೆತದ ಕಾರಣಕ್ಕೆ ಬೇರೆಯಾಗಬಯಸಿದ ಮಹಿಳೆಗೆ, ಎಲ್ಲ ಮದುವೆಗಳಲ್ಲೂ ಹೆಂಗಸರು ನೋವು ಪಡುತ್ತಾರೆ, ಗಂಡ ಚೆನ್ನಾಗಿ ಸಂಪಾದಿಸುತ್ತಿರುವಾಗ ಹೊಡೆತದ ಮಾತನ್ನೇಕೆ ಎತ್ತುತ್ತೀರಿ ಎಂಬ ಧಾಟಿಯಲ್ಲಿ ಹೇಳಿದ್ದು ವರದಿಯಾಗಿ, ದೇಶದಾದ್ಯಂತ ಟೀಕೆ ಎದ್ದು, ಕೌಟುಂಬಿಕ ಪ್ರಕರಣಗಳನ್ನು ಅವರಿಂದ ಬೇರೆ ಪೀಠಕ್ಕೆ ವರ್ಗಾಯಿಸಲಾಯಿತು. ಸಂಪಾದನೆಯ ಆ ತರ್ಕ ಸಾವನದುರ್ಗವಿರುವ ಜಿಲ್ಲೆಯಲ್ಲಿ ವಿಚಿತ್ರವಾಗಿ ಕೇಳಿಸುತ್ತದೆ. 2025ರಿಂದ ಬೆಂಗಳೂರು ದಕ್ಷಿಣ ಎಂದು ಹೆಸರಾಗಿರುವ ರಾಮನಗರ ಜಿಲ್ಲೆ ರೇಷ್ಮೆಯದು. ಹುಳು ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ, ಎದ್ದ ಮೇಲೆ ಒಟ್ಟು ಸೊಪ್ಪಿನ ಶೇ. 80ರಷ್ಟನ್ನು ವಾರದೊಳಗೆ ತಿಂದು ಮುಗಿಸುತ್ತದೆ, ಹಗಲು ರಾತ್ರಿ ಸೊಪ್ಪು ಹಾಕುವುದರಲ್ಲೂ ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದರಲ್ಲೂ ದೊಡ್ಡ ಪಾಲು ಹೆಂಗಸರದು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ಹಣವಾದಾಗ ಅದು ಸಾಮಾನ್ಯವಾಗಿ ಯಜಮಾನನ ಖಾತೆಗೆ ಬೀಳುತ್ತದೆ. ‘ಅವನೇ ತಾನೆ ಸಾಕ್ತಿರೋದು’ ಎಂಬ ಮಾತು ಆ ಖಾತೆಯಿಂದ ಹುಟ್ಟುತ್ತದೆ, ಹುಳುಮನೆಯಿಂದಲ್ಲ.

ಕೊಳ್ಳುವಿನ ಇನ್ನೊಂದು ಪ್ರಯೋಗ ‘ಪಡ್ಕಂಡ್ ಬಂದಿದ್ದು’. ದುಡ್ಡಿಲ್ಲದೆ, ಬೈಗುಳವಿಲ್ಲದೆ, ಮರುಕದ ದನಿಯಲ್ಲೇ ಹೊಣೆಯನ್ನು ಅವಳ ಹಿಂದಿನ ಜನ್ಮಕ್ಕೆ ದಾಟಿಸುವ ಮಾತು ಇದು. ಬಲಿಪಶುವನ್ನೇ ದೂಷಿಸುವ ಪ್ರವೃತ್ತಿಗೆ ಹೆಸರು ಕೊಟ್ಟ ಪುಸ್ತಕವನ್ನು ಅಮೆರಿಕದ ವಿಲಿಯಂ ರಯಾನ್ 1971ರಲ್ಲಿ ಬಡವರ ಬಗ್ಗೆ, ಅದರಲ್ಲೂ ಕಪ್ಪು ಕುಟುಂಬಗಳ ಬಗ್ಗೆ ಬರೆದದ್ದು. ಲೋಕ ನ್ಯಾಯವಾಗಿದೆ ಎಂಬ ನಂಬಿಕೆ ಕೆಡದಿರಲೆಂದು ಜನ ನೊಂದವರಲ್ಲೇ ತಪ್ಪು ಹುಡುಕುತ್ತಾರೆಂದು ಮನಶ್ಶಾಸ್ತ್ರಜ್ಞ ಮೆಲ್ವಿನ್ ಲರ್ನರ್ 1960ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದ್ದ. ಹೊಡೆತ ತಿಂದವಳಲ್ಲಿ ತಪ್ಪು ಸಿಕ್ಕಿದರೆ ಅಂಥ ತಪ್ಪು ಮಾಡದ ತಾನು ಕ್ಷೇಮ ಎಂಬ ಲೆಕ್ಕ ನೆರೆಮನೆಯವಳಿಗೆ ಸಮಾಧಾನ ತರುತ್ತದೆ. ಸಮೀಕ್ಷೆಯ ಶೇ. 76.9ರಲ್ಲಿ ಕ್ರೌರ್ಯಕ್ಕಿಂತ ಈ ಭಯವೇ ಹೆಚ್ಚಿರಬಹುದು.

ಅತ್ಯಂತ ಘೋರವಾದದ್ದು ‘ಸುಟ್ಟುಕೊಂಡಳು’. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಕಾರ್ಯಕರ್ತೆಯರು 1990ರ ದಶಕದಲ್ಲಿ ಮದುವೆಯಾದ ಯುವತಿಯರ ಅಸಹಜ ಸಾವುಗಳನ್ನು ಬೆನ್ನುಹತ್ತಿದಾಗ, ಸ್ಟವ್ ಸಿಡಿತ, ಅಡುಗೆಮನೆಯ ಅಪಘಾತ ಎಂದು ಮುಚ್ಚಿಹೋಗುತ್ತಿದ್ದ ಕಡತಗಳು ಎಷ್ಟಿವೆಯೆಂಬುದು ಹೊರಬಿತ್ತು. ಸಾವನದುರ್ಗದ ಬುಡದಲ್ಲಿ ಪೂಜೆಗೊಳ್ಳುವ ಸಾವಂದಿ ವೀರಭದ್ರನ ಹುಟ್ಟೂ ಬೆಂಕಿಗೆ ಬಿದ್ದ ಒಬ್ಬ ಹೆಣ್ಣಿನ ಕಥೆಯಿಂದಲೇ ಬಂದದ್ದು: ತವರಿನ ಯಜ್ಞದಲ್ಲಿ ಅವಮಾನಗೊಂಡು ದಾಕ್ಷಾಯಿಣಿ ಅಗ್ನಿಗೆ ಆಹುತಿಯಾದಳು. ಕರೆಯದೆ ಯಾಕೆ ಹೋದಳು ಎಂಬ ಪ್ರಶ್ನೆಗೆ ಪುರಾಣದಲ್ಲಿ ಬೇಕಾದಷ್ಟು ಎಡೆಯಿತ್ತು, ಹೋಗಬೇಡವೆಂದು ಶಿವನೇ ಹೇಳಿದ್ದ. ಆದರೂ ತಲೆ ಹೋದದ್ದು ತಂದೆ ದಕ್ಷನದು. ಆ ಗುಡಿಗೆ ಹಣ್ಣುಕಾಯಿ ಒಯ್ಯುವವರು ಊರ ಪಂಚಾಯ್ತಿಯಲ್ಲಿ ಕುಳಿತಾಗ ಪುರಾಣದ ಈ ನ್ಯಾಯವನ್ನು ಮರೆಯುತ್ತಾರೆ.

ಕಾನೂನು ಬೇರೆ ವ್ಯಾಕರಣವನ್ನು ಪ್ರಯತ್ನಿಸಿದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005, ಹಿಂಸೆಯನ್ನು ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ ಎಂದು ಬಿಡಿಸಿ ಹೇಳುತ್ತದೆ. ಗೂಡಿನ ಹಣವನ್ನು ಅವಳಿಗೆ ಮುಟ್ಟಗೊಡದಿರುವುದೂ ಅದರೊಳಗೆ ಬರಬಲ್ಲದು. ಹಂಚಿಕೊಂಡ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ, ಆ ಮನೆಯಿಂದ ಹೊರಹೋಗುವಂತೆ ಮ್ಯಾಜಿಸ್ಟ್ರೇಟರು ಅವನಿಗೆ ಆದೇಶಿಸಬಹುದು. ಆದರೆ ಅಲ್ಲಿಗೆ ಮುಟ್ಟುವ ಮೊದಲು ಠಾಣೆಯಲ್ಲಿ ಮುಚ್ಚಳಿಕೆ ಬರೆಸಿಕೊಂಡು, ಬುದ್ಧಿ ಹೇಳಿ ಕಳುಹಿಸುವ ಪದ್ಧತಿಯೊಂದಿದೆ. ಬುದ್ಧಿಯನ್ನು ಇಬ್ಬರಿಗೂ ಹೇಳಲಾಗುತ್ತದೆ.

ಅದನ್ನೂ ದಾಟಿ ಅವಳು ದೂರು ಕೊಟ್ಟಾಗ ಊರಿನ ವಾಕ್ಯರಚನೆ ಒಮ್ಮೆಲೇ ಬದಲಾಗುತ್ತದೆ. ಮುಖ್ಯ ಕ್ರಿಯಾಪದದಿಂದ ‘ಕೊಳ್ಳು’ ಮಾಯವಾಗಿ, ಅವಳು ನೇರ ಕರ್ತೃವೂ ಗಂಡ ಕರ್ಮಪದವೂ ಆಗುತ್ತಾರೆ: ‘ಕಟ್ಕಂಡ್ ಗಂಡನ್ನ ಸ್ಟೇಷನ್ ಮೆಟ್ಲು ಅತ್ತಿಸಿದ್ಲು.’ ಗಂಡನ ಪಾಲಿಗೆ ಆಗ ಹೊಸದಾಗಿ ಸಲ್ಲುವ ಮಾತು ‘ಕೇಸ್ ಆಕುಸ್ಕಂಡ’. ಹೊಡೆಸಿಕೊಂಡಳು ಎಂಬುದರ ರೂಪವೇ ಇದು. ಅದೇ ಪ್ರೇರಣಾರ್ಥಕ, ಅದೇ ಆತ್ಮಾರ್ಥಕ. ಏನು ಮಾಡಿದ್ದಕ್ಕೆ ಹಾಕಿಸಿಕೊಂಡ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ವಾಕ್ಯದ ಮುಂದೆ ಊರು ಸೇರಿಸುವ ಪದ ‘ಪಾಪ’.